ಕಾದಂಬರಿಯೊಳಗಿನ ಅತ್ತಿ

ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಐಶ್ವರ್ಯಳ ಪಕ್ಕ ಕೂತ ಸೊಸೆಯೊಬ್ಬಳು ಓದಲು ಬಾರದ ತನ್ನ ಅತ್ತೆಗೆ ಕಾದಂಬರಿ ಓದಿ ಹೇಳುತ್ತಿದ್ದಳು. ಅತ್ತೆ ನಡುವೆಯೇ ತಡೆದಳು.

“ಹುಡುಗೀನ ಕಾಡಸು ಆ ಅತ್ತಿ, ಹುಡುಗಿ ಅಪ್ಪನ ತಂಗಿ ಅಂದಿದ್ದಿ. ಈಗ ನೋಡಿದ್ರ ಹುಡುಗಿ ಗಂಡ ಆಕೀಗೆ ಅವ್ವಾ ಅಂತಾನ.”

“ಸೋದರತ್ತಿ ಮಗನ್ನ ಮದುವಿ ಆಗಿರಬೇಕ್ರಿ.”

“ಬಣ್ಣ ಹಚ್ಚಬ್ಯಾಡ. ಎಷ್ಟು ಹಾಳಿ ಹಾರಿಸಿದಿ?”

“ಬೈಗಳು ಬಂದಲ್ಲೆಲ್ಲಾ ಹಾರಿಸೇನ್ರಿ. ನಿಮಗ ಚುಚ್ಚಾಕತ್ತೇನಿ ಅನ್ಕೋತೀರಂತ.”

“ಯಾಕ, ನಾ ಆಕಿಯಂಗ ಅದೀನೇನ?”

ಸೊಸೆ ಸೆರಗು ಸರಿಮಾಡಿಕೊಂಡಳು. ಐಶ್ವರ್ಯ ಓರೆಗಣ್ಣಿನಿಂದ ಅತ್ತೆಯ ಮುಖ ನೋಡಿದಳು.

ಅಷ್ಟರಲ್ಲಿ ಸಿಂದಗಿ ಬಸ್ಸು ಬಂತು. ಅತ್ತೆ ಎದ್ದು ನಿಂತಳು.

“ಮೊದಲನೇ ಹಾಳಿಯಿಂದ ಓದು. ಒಂದಕ್ಷರ ಬಿಡಂಗಿಲ್ಲ. ಆಕಿ ನನ್ನಂಗ ಆದಲ್ಲಿ ನಿಲ್ಲಿಸಿ ಹೇಳು.”

“ಹಂಗಾರ ಸಿಂದಗಿ ಬಂದ್ರೂ ಮೊದಲನೇ ಹಾಳಿ ಮುಗಿಯಂಗಿಲ್ರಿ.”

“ಮುಗೀದಿದ್ರ ಮನ್ಯಾಗ ಓದು. ಹತ್ತು,” ಎಂದು ಅತ್ತೆ ಅವಳನ್ನು ಮುಂದೆ ಮಾಡಿ ಬಸ್ಸು ಹತ್ತಿದಳು.