ಕನ್ನಡಕದಂಗಡಿ ಬ್ಲಾಗಿಗೆ ಪುಟಸಂಖ್ಯೆ

ನಗಬೇಡಿ ಡಾಕ್ಟ್ರೇ! ನಗೋರಿಗೆ ತೋರಿಸಲ್ಲ, ನೋಡಿ! ...ಹೂಂ, ಹಾಗೆ. ಸ್ಟೂಲು ಕಂಪ್ಯೂಟರ್ ಕಡೆ ಎಳ್ಕೊಳ್ಳಿ. ಹುಷಾರು, ಆ ಟ್ರೇನಲ್ಲಿ ಯಾರದೋ ಲೆನ್ಸ್ ಇದೆ, ಬೆಳಗಿಂದ ಕೂತು ಉಜ್ಜಿದ್ದೀನಿ.

ನಾನು ಬರೆಯೋ ನಮ್ಮಂಗಡಿ ಬ್ಲಾಗು ಓದೋಕೇ ಆಗಲ್ಲ ಅಂದೋರು ನೀವೇ ತಾನೇ? "ಹಳೆಯ ಬರಹಗಳು" ಅನ್ನೋದನ್ನ ಒತ್ತಿ ಒತ್ತಿ ಬೆರಳು ಸವೆದುಹೋಗುತ್ತೆ, ಮೂರನೇ ಸಲಕ್ಕೆ ಆಕಳಿಕೆ ಬರುತ್ತೆ ಅಂತ? ಅದಕ್ಕೇ ಇದು! ಪ್ಲಗಿನ್! ಪುಟಕ್ಕೆಲ್ಲ ನಂಬರ್ ಹಾಕುತ್ತೆ. ಹೊಸ ಕೆಲಸ ಅಂತ ನೀವು ಬೇರೆ ಊರಿಗೆ ಹೋದ್ಮೇಲೂ ಆರಾಮಾಗಿ ಓದ್ಬೋದು. ನನ್ನ ಕಡೆಯಿಂದ ಉಡುಗೊರೆ ಅಂದ್ಕೊಳ್ಳಿ!

ಯಾಕೆ ಹಾಗೆ ನೋಡ್ತೀರಿ? ಸಂತೋಷಾನೇ ನನಗೆ! ದೊಡ್ಡ ಅಂಗಡಿ, ದೊಡ್ಡ ಸಂಬಳ, ಎ.ಸಿ. ಬೇರೆ... ಇನ್ನೇನು ಆ ಅಂಗಡಿಯೋರು ಫೋನ್ ಮಾಡ್ತಾರೆ, ನೀವು ಹೂಂ ಅಂತೀರಿ, ಮುಗೀತು! 'ಇಲ್ಲಿ ನನ್ನನ್ನ ಹಿಡಿದಿಡೋಕೆ ಏನಿದೆ' ಅಂತ ಬೆಳಿಗ್ಗೆ ನೀವೇ ಅಂದ್ರಲ್ಲ. ಸರಿಯಾಗೇ ಅಂದ್ರಿ. ಏನಿದೆ? ಗೋಡೆ ಮೇಲೊಂದು ಅಕ್ಷರದ ಚಾರ್ಟು, ಒಂದು ಟಾರ್ಚು... ಒಂದೇ ಬೇಜಾರು, ಅಲ್ಲಿ ನಿಮ್ಮನ್ನ ಡಾಕ್ಟ್ರೇ ಅಂತ ಯಾರೂ ಕರೆಯಲ್ಲ. ಕಣ್ಣು ಟೆಸ್ಟ್ ಮಾಡೋನು ಅಂತಾರೆ, ಅಷ್ಟೇ!

ತಾಳಿ, ಕನ್ನಡಕ ಜಾರ್ತಿದೆ... ನೀವು ಬರೆದುಕೊಟ್ಟ ನಂಬರ್ರು, ಇದಿಲ್ದಿದ್ರೆ ನನಗೆ ಎಲ್ಲಾ ಮಬ್ಬು!

ಹುಡುಕಿದೆ... ಇನ್‌ಸ್ಟಾಲ್ ಒತ್ತಿದೆ... ಬಂತು! ಈಗ ಬ್ಲಾಗ್ ತೆಗೀತೀನಿ... ಎಲ್ಲಿ? ನಂಬರೇ ಇಲ್ವಲ್ಲ! ಅಯ್ಯೋ, ಎಲ್ಲಾ ಹಾಳುಮಾಡಿದ್ನಾ? ...ಏನು ಬೆರಳು ತೋರಿಸ್ತಿದೀರಿ? ಆಕ್ಟಿವೇಟ್... ಓ! ಚಾಲೂ ಮಾಡೋದೇ ಮರೆತೆ! ಕನ್ನಡಕ ಜೇಬಲ್ಲಿಟ್ಕೊಂಡು ಏನೂ ಕಾಣ್ತಿಲ್ಲ ಅಂದ ಹಾಗಾಯ್ತು!

ಬಂತು! ಬಂತು ಡಾಕ್ಟ್ರೇ! ಒಂದು, ಎರಡು, ಮೂರು, ನಾಲ್ಕು, ಆಮೇಲೆ ಚುಕ್ಕಿ ಚುಕ್ಕಿ... ಎಷ್ಟು ಮುದ್ದಾಗಿದೆ! ಈ "ಲಾಸ್ಟ್" ತೆಗೆದು ಕನ್ನಡದಲ್ಲೇ "ಕೊನೆ" ಅಂತ ಹಾಕ್ತೀನಿ. ಆಹಾ! ಒತ್ತಿ, ನೀವೇ ಒತ್ತಿ! ಗೀರು ಬಿದ್ದ ಗಾಜಿನ ವಿಷಯ ಎರಡನೇದ್ರಲ್ಲಿದೆ, ಮೂಗಿನ ಮೇಲೆ ಕಲೆ ಬೀಳೋದು ನಾಲ್ಕರಲ್ಲಿ... ಎಲ್ಲಿ ಬೇಕಾದ್ರೂ ಒಂದೇ ಏಟಿಗೆ!

ಎಲ್ಲಿಗೆ ಹೋದ್ರಿ? ಕೊನೆಗಾ? ಅಲ್ಲೇನಿರುತ್ತೆ ಬಿಡಿ, ಬ್ಲಾಗಲ್ಲಿ ಕೊನೆ ಅಂದ್ರೆ ಮೊದಲು ಬರೆದಿದ್ದು... ನಾನು ಮೊದಮೊದಲು...

ಅಯ್ಯಯ್ಯೋ! ವಾಪಸ್ ಬನ್ನಿ! ಮೌಸ್ ಕೊಡಿ ಇಲ್ಲಿ! ಒತ್ತಿ ಒತ್ತಿ ಅಲ್ಲೀವರೆಗೆ ಯಾರು ಬರ್ತಾರೆ ಅಂತ ಆ ಬರಹಾನ ಅಳಿಸದೆ ಹಾಗೇ ಬಿಟ್ಟಿದ್ದೆ... ಆಮೇಲೆ ಮರೆತೇಹೋಯ್ತು... ಓದಬೇಡಿ ಅಂದ್ನಲ್ಲ!

...ನಗಿ. ಈಗ ನಗಬಹುದಲ್ಲ? ಯಾಕೆ ನಗ್ತಿಲ್ಲ?

ಅದು ಕಥೆ ಡಾಕ್ಟ್ರೇ! ಸುಮ್ನೆ ಕಥೆ! "ಅಂಗಡಿಗೆ ಹೊಸಬರು ಬಂದಿದ್ದಾರೆ. ನನ್ನ ಕಣ್ಣು ನೋಡಿದರು. ಎಲ್ಲಾ ಸಾಲೂ ಕಾಣುತ್ತಿತ್ತು, ಕಾಣಲ್ಲ ಅಂದುಬಿಟ್ಟೆ. 'ಈಗ ಕಾಣುತ್ತಾ?' ಅಂತ ಅವರು ಇನ್ನೊಂದು ಸಲ ಕೇಳಲಿ ಅಂತ..." ಯಾರಾದ್ರೂ ಹಾಗೆ ಮಾಡ್ತಾರಾ? ನನಗೇನು ಹುಚ್ಚಾ?

ಯಾಕೆ ಹತ್ತಿರ ಬರ್ತಿದೀರಿ?

ಏಯ್, ನನ್ನ ಕನ್ನಡಕ! ತೆಗೀಬೇಡಿ! ಕಣ್ಣೆದುರು ಹಿಡಿದು ಆಡಿಸಿ ನೋಡಬೇಡಿ, ಡಾಕ್ಟ್ರೇ... ಪವರ್ ಇರೋ ಗಾಜಲ್ಲಿ ಅಲ್ಲಾಡೋ ಹಾಗೆ ಅಕ್ಷರ ಅಲ್ಲಾಡಲ್ಲ ಅದರಲ್ಲಿ. ನೀವು ಬರೆದ ನಂಬರ್ ಬಿಟ್ಟು ನಾನೇ ಕೂರಿಸಿದ್ದು. ಪವರ್ರೇ ಇಲ್ಲ. ಬರೀ ಗಾಜು.

...ಫೋನು. ನಿಮ್ಮ ಫೋನು ಡಾಕ್ಟ್ರೇ. ಆ ದೊಡ್ಡ ಅಂಗಡಿಯವರದೇ. ತೆಗೊಳ್ಳಿ... ತೆಗೊಳ್ಳದೆ ಯಾಕೆ ಮಗುಚಿಟ್ರಿ?

ಚಾರ್ಟ್ ಯಾಕೆ ತೋರಿಸ್ತೀರಿ? ಓದಬೇಕಾ? ಇಲ್ಲಿಂದಾನಾ? ಬರಿಗಣ್ಣಲ್ಲಿ? ತೀರಾ ಕೆಳಗಿನ ಸಾಲಾ?

ರ. ಣ. ಪ. ಲ...

ತಾಳಿ. ಕಣ್ಣು ತುಂಬ್ಕೊಂಡ್ಬಿಡ್ತು, ಈಗ ನಿಜವಾಗ್ಲೂ ಕಾಣ್ತಿಲ್ಲ. 'ಈಗ ಕಾಣುತ್ತಾ?' ಅಂತ ಇನ್ನೊಂದು ಸಲ ಕೇಳಿ.