ಅವರ ಹತ್ರ ಇರೋ ಬೀಗದ ಕೈ

ಬ್ಯಾಂಕಿನ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ತಂಗಿ ಮನೆ ಸಾಲದ ಅರ್ಜಿ ತುಂಬುತ್ತಿದ್ದಳು.

"ಗಂಡನ ಸಹಿ ಕೇಳ್ತಾರಲ್ಲೇ?"

"ಕಾಣೆಯಾಗಿ ಆರು ವರ್ಷ ಆಯ್ತು ಅಂತ ಪೊಲೀಸರ ಕಾಗದ ತಂದಿದ್ದೀನಕ್ಕ."

"ಇನ್ನೊಂದು ವರ್ಷ ತಡಿ. ತೀರಿಕೊಂಡ ಅಂತ ಕೋರ್ಟೇ ಬರೆದುಕೊಡುತ್ತೆ."

"ಅಷ್ಟರಲ್ಲಿ ಓನರ್ರು ಮನೆ ಬೇರೆಯವರಿಗೆ ಮಾರಿಬಿಡ್ತಾರೆ."

"ಮಾರಲಿ ಬಿಡು! ಆ ಗೂಡಿನಂಥ ಬಾಡಿಗೆ ಮನೆ ಯಾರಿಗೆ ಬೇಕು?"

"ಅದರ ಇನ್ನೊಂದು ಬೀಗದ ಕೈ ನಮ್ಮನೆಯವರ ಹತ್ರಾನೇ ಇದೆ."

"ಬೀಗ ಬದಲಾಯಿಸಿಲ್ವಾ?"

"ಇಲ್ಲ. ಮೊನ್ನೆ ಕೆಲಸದಿಂದ ಬಂದಾಗ ಬಾಗಿಲು ತೆಗೆದಿತ್ತು."

"ನೀನೇ ಬೀಗ ಹಾಕೋದು ಮರೆತಿರ್ತೀಯ."

"ಇರಬಹುದು. ಆದ್ರೆ ಅವರ ಟವಲ್ ಒದ್ದೆ ಇತ್ತು."

ಟೋಕನ್ ನಂಬರ್ ಕೂಗಿದರು, ಇಬ್ಬರೂ ಎದ್ದರು. ಅರ್ಜಿಯಲ್ಲಿ 'ಮನೆಯಲ್ಲಿ ಇರುವವರು ಎಷ್ಟು ಜನ' ಎನ್ನುವ ಜಾಗ ಮಾತ್ರ ಖಾಲಿ ಇತ್ತು.