ಅಕ್ಕನ ಮನೆಯ ಇಎಲ್‌ಸಿಬಿ ತಪ್ಪಿಸಿದ್ದು ಯಾರು ಎಂಬ ಬಗ್ಗೆ

ವಯಸ್ಸು ನಲವತ್ತೇಳು, ಉದ್ಯೋಗ ಮನೆ ವೈರಿಂಗ್, ಬಡಾವಣೆಯವರು ಟೆಸ್ಟರಣ್ಣ ಎಂದೇ ಕರೆಯುವ, ನೀರಿನ ಟ್ಯಾಂಕಿನ ಹಿಂದಿನ ಎರಡನೇ ಬೀದಿಯ ವಾಸಿಯಾದ ನಾನು, ಯಾರೂ ಕರೆಸದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಅಕ್ಕನ ಮನೆಯ ವೈರಿಂಗ್ ಪೂರ್ತಿ ನನ್ನದು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸದತ್ತ ಯಾರೂ ಬೆರಳು ತೋರಿಸಿಲ್ಲ. ಮೀಟರ್ ಪಕ್ಕ ಇಎಲ್‌ಸಿಬಿ ಪೆಟ್ಟಿಗೆ ಕೂರಿಸಿದವನೂ ನಾನೇ. ಒಂದು ವೈರಿನಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಅಷ್ಟೇ ವಾಪಸ್ ಬರುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ. ಮೂವತ್ತು ಮಿಲಿಆಂಪಿಯರ್ ಕಡಿಮೆ ಬಂದರೂ, ಒದ್ದೆ ಗೋಡೆಯಲ್ಲೋ ಮನುಷ್ಯನ ಮೈಯಲ್ಲೋ ಇಳಿಯುತ್ತಿದೆ ಎಂದೇ ಲೆಕ್ಕ. ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಫ್ಯೂಸಿಗೆ ಇಷ್ಟು ಸಣ್ಣ ಸೋರಿಕೆ ತಿಳಿಯುವುದೇ ಇಲ್ಲ.

ಇದೇ ತಿಂಗಳ 12ರ ಸಂಜೆ 5.40ಕ್ಕೆ ನಾನು ಎರಡೂವರೆ ಕಿ.ಮೀ. ದೂರದ ಕಟ್ಟಡದಲ್ಲಿ ಏಣಿಯ ಮೇಲಿದ್ದೆ. ಗಣಿತದ ಮೇಷ್ಟರಾದ ಭಾವ ಫೋನ್ ಮಾಡಿ, ವಾಷಿಂಗ್ ಮಷೀನ್ ಹಾಕಿದ್ರೆ ಸಾಕು ಮನೆಯೆಲ್ಲ ಕರೆಂಟ್ ಹೋಗ್ತಿದೆ ಕಣೋ ಎಂದರು. ಪೆಟ್ಟಿಗೆ ಹಳೇದು, ಸುಮ್‌ಸುಮ್ನೆ ಬೀಳ್ತಿದೆ, ಆ ಲೈನಿನ ಎರಡೂ ವೈರ್ ಅದರಿಂದ ಬಿಡಿಸಿ ನೇರ ಕೊಡಿ, ನಾಳೆ ಬಂದು ನೋಡ್ತೀನಿ ಎಂದೆ. ನಾನು ಎಳೆದ ವೈರಿಂಗನ್ನು ಫೋನಿನಲ್ಲೇ ರಿಪೇರಿ ಮಾಡಿಸುವುದು ನನ್ನ ರೂಢಿ. ಅದರ ಜಂಭವೂ ಇತ್ತು. ಟೆಸ್ಟ್ ಬಟನ್ ಒತ್ತಿದ್ರೆ ಸರಿಯಾಗೇ ಬೀಳುತ್ತಲ್ಲೋ, ಪೆಟ್ಟಿಗೇದೇ ತಪ್ಪು ಅಂತ ಹೇಗೆ ಹೇಳ್ತೀಯಾ ಎಂದು ಭಾವ ಕೇಳಿದರು. ವೈರಿಂಗ್ ಮಾಡೋನು ನಾನೋ ನೀವೋ ಎಂದು ನಕ್ಕೆ. ವೈರಿನ ಬಣ್ಣ ಹೇಳಿ ಅವರ ಕೈಯಲ್ಲೇ ಹಾಕಿಸಿದೆ. 5.55ಕ್ಕೆ ಮಷೀನ್ ಓಡಿತು.

ನಾಳೆ ಎಂದವನು ಒಂಬತ್ತು ದಿನ ಅತ್ತ ತಲೆ ಹಾಕಲಿಲ್ಲ.

21ರ ಬೆಳಿಗ್ಗೆ 8.15ಕ್ಕೆ ಮಹಡಿಯಲ್ಲಿ ಬಾಡಿಗೆಗಿರುವ, ಅಕ್ಕನ ಮಷೀನಿನಲ್ಲೇ ಬಟ್ಟೆ ಒಗೆದುಕೊಳ್ಳುವ ಟೈಲರಮ್ಮ ಒದ್ದೆ ನೆಲದಲ್ಲಿ ನಿಂತು ಮಷೀನ್ ಮುಟ್ಟಿ ಬಿದ್ದರು. ಅಕ್ಕ ಓಡಿಹೋಗಿ ಮೇನ್ ಇಳಿಸಿದ್ದರಿಂದ ಜೀವ ಉಳಿಯಿತು. ಬಲಗೈಯ ಮೂರು ಬೆರಳು ಸುಟ್ಟಿವೆ. 9.05ಕ್ಕೆ ನಾನು ಮಷೀನ್ ಬಿಚ್ಚಿದೆ. ಒಳಗಿನ ವೈರಿನ ಸಿಪ್ಪೆ ಸವೆದು ತಗಡಿಗೆ ತಾಗಿತ್ತು, ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ತಿಂಗ್ ಗುಂಡಿ ಒಣಗಿತ್ತು. ಪೆಟ್ಟಿಗೆ ಒಂದು ಸಲವೂ ಸುಮ್ಮನೆ ಬಿದ್ದಿರಲಿಲ್ಲ. ನನಗೆ ನಾಚಿಕೆಯಾಯಿತು.

ವೈರ್ ಬದಲಿಸಿದ್ದು ತಾವೇ ಎಂದು ಭಾವ ನಿನ್ನೆ ಇಲ್ಲಿ ಬರೆದುಕೊಟ್ಟಿದ್ದಾರೆ, ಫೋನಿನ ಮಾತೆತ್ತಿಲ್ಲ. ಯಾಕೆಂದು ಕೇಳಿದರೆ, ಲೈಸೆನ್ಸ್ ಹೋದ್ರೆ ಹೊಟ್ಟೆಗೇನು ಮಾಡ್ತೀಯೋ, ಸುಮ್ನಿರು ಎಂದರು. ಅವರು ಮಾಡಿದ್ದು ನಾನು ಹೇಳಿದಂತೆ, ಅದೂ ಅನುಮಾನಪಡುತ್ತಲೇ. ಫೋನಿನಲ್ಲಿರುವ ಆ ಕರೆಯನ್ನು ತೋರಿಸಿದ್ದೇನೆ. ಲೈಸೆನ್ಸನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಭಾವನ ಹೆಸರು ಹೊಡೆದು ಆ ಜಾಗದಲ್ಲಿ ನನ್ನದು ಬರೆದುಕೊಳ್ಳಬೇಕು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 23, ಬೆಳಿಗ್ಗೆ 11.20
ಸಹಿ